ತಕ್ಕಡಿಗೆ ಸಿಗದ ಕಾಯಕ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳು ಕಾಯಕದ ಬಗ್ಗೆ ಮಾತಾಡಬೇಕೆಂದು ಶ್ರೀಗಳು ಅಪ್ಪಣೆ ಕೊಟ್ಟರು. ಈ ವಿಷಯದ ಮೇಲೆ ತಾವು ದೊಡ್ಡ ವಿದ್ವಾಂಸರಿಂದ ಎಷ್ಟೋ ಉಪನ್ಯಾಸ ಕೇಳಿದ್ದೀರಿ. ನಾನು ವಚನ ಸಾಹಿತ್ಯದ ಪಂಡಿತನಲ್ಲ. ಸರ್ಕಾರದಲ್ಲಿ 34 ವರ್ಷ ಎಂಜಿನಿಯರ್ ಆಗಿ ನಾಲೆ, ಸೇತುವೆ, ಕಟ್ಟಡ ನೋಡಿಕೊಂಡವನು. ಅಳತೆ, ದರ, ಬಿಲ್ಲು, ಇವೇ ನನಗೆ ಬರುವ ಭಾಷೆ. ಹಾಗಾಗಿ ಕಾಯಕ ಎಂದರೇನು ಎಂಬ ವ್ಯಾಖ್ಯಾನ ನಾನು ಮಾಡುವುದಿಲ್ಲ. ಕಾಯಕಕ್ಕೆ ನಾವು ಕೊಡುತ್ತಿರುವ ಬೆಲೆ ಏನು ಎಂಬ ಲೆಕ್ಕವನ್ನಷ್ಟೇ ತಮ್ಮ ಮುಂದೆ ಇಡುತ್ತೇನೆ.

ಕಳೆದ ಚಳಿಗಾಲದಲ್ಲಿ ನಾನು ಮತ್ತು ನಿವೃತ್ತ ಮೇಷ್ಟ್ರಾದ ನನ್ನ ಸ್ನೇಹಿತರೊಬ್ಬರು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ, ಆರು ದಿನ ಸುತ್ತಿದೆವು. ದೇವಸ್ಥಾನ, ಕೋಟೆ ನೋಡುವುದು ಮುಖ್ಯ ಉದ್ದೇಶವಾಗಿರಲಿಲ್ಲ. ಕೈಯಿಂದ ದುಡಿಯುವ ಕುಶಲಕರ್ಮಿಗಳ, ಕಲಾವಿದರ ಮನೆಗೆ ಹೋಗಿ ಕುಳಿತು ಅವರ ಕೆಲಸ ನೋಡಬೇಕು, ಮಾತು ಕೇಳಬೇಕು ಎಂದು ಹೊರಟಿದ್ದೆವು.

ಮೊದಲು ಶ್ರೀರಂಗಪಟ್ಟಣ. ಅಲ್ಲಿ ವೆಲ್ಲೆಸ್ಲಿ ಸೇತುವೆ ಎಂಬ ಹಳೆಯ ಕಲ್ಲಿನ ಸೇತುವೆಯಿದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದದ್ದು. ಕಾವೇರಿಯ ಹರಿವಿಗೆ ಅಡ್ಡಲಾಗಿ ಕಲ್ಲಿನ ಕಂಬ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ ಹೊರಿಸಿ ಕಟ್ಟಿದ್ದಾರೆ. ಇನ್ನೂರು ವರ್ಷಗಳ ಪ್ರವಾಹಗಳಿಗೆ ಮೈಯೊಡ್ಡಿ ನಿಂತಿದೆ. ಇಂದಿನ ಎಂಜಿನಿಯರ್ ಯಾರೇ ಆದರೂ ಅದರ ಮುಂದೆ ನಿಂತು ಒಮ್ಮೆ ಕೈ ಮುಗಿಯಬೇಕು. ಆದರೆ ಅದಕ್ಕೆ ಇರುವ ಹೆಸರು ಆಗಿನ ಗವರ್ನರ್ ಜನರಲ್‌ನದು. ಕಟ್ಟಿಸಿದ ಪೂರ್ಣಯ್ಯನವರ ಹೆಸರೂ ಇತಿಹಾಸದಲ್ಲಿ ಉಳಿದಿದೆ. ಕಲ್ಲು ಕಡಿದವರು, ನೀರಿನಲ್ಲಿ ನಿಂತು ಕಂಬ ನೆಟ್ಟವರು ಯಾರೆಂದು ಕೇಳಿದರೆ ಉತ್ತರವಿಲ್ಲ.

ಅಲ್ಲಿಂದ ದರಿಯಾ ದೌಲತ್‌ಗೆ ಹೋದೆವು. 1784ರ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಹೈದರ್, ಟಿಪ್ಪು, ಇಂಗ್ಲಿಷ್ ಸೇನಾಧಿಕಾರಿ ಬೈಲಿ, ಎಲ್ಲರನ್ನೂ ಗುರುತಿಸಬಹುದು. ಚಿತ್ರದೊಳಗೆ ಇರುವವರ ಹೆಸರು ನಮಗೆ ಗೊತ್ತು, ಚಿತ್ರ ಬರೆದವರ ಹೆಸರು ಗೊತ್ತಿಲ್ಲ. ಪಕ್ಕದ ಗಂಜಾಂ ಕೂಡ ಕಸುಬಿನವರ ಊರೇ. ಅದನ್ನು ಬೆಳೆಸಲು ಟಿಪ್ಪು ಶಿರಾದಿಂದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ಕರೆತಂದ ಎಂದು ಗ್ಯಾಸೆಟಿಯರ್ ಹೇಳುತ್ತದೆ. ರಾಜರಿಗೆ ಕುಶಲಕರ್ಮಿಗಳ ಕೈ ಬೇಕಿತ್ತು, ಹೆಸರು ಬೇಕಿರಲಿಲ್ಲ.

ಮೇಷ್ಟ್ರು ಅಲ್ಲೇ ಒಂದು ಮಾತು ಹೇಳಿದರು. “ನೋಡಿ, ಶರಣರಲ್ಲಿ ಮಾತ್ರ ಇದು ತಿರುಗಾಮುರುಗಾ. ಅವರಿಗೆ ಕಸುಬೇ ಬಿರುದು.” ಹೌದಲ್ಲವೇ? ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ, ಜೇಡರ ದಾಸಿಮಯ್ಯ, ನುಲಿಯ ಚಂದಯ್ಯ, ಸೂಜಿಕಾಯಕದ ರಾಮಿತಂದೆ, ಬಾಚಿಕಾಯಕದ ಬಸವಯ್ಯ, ಕದಿರ ರೆಮ್ಮವ್ವೆ. ಯಾವ ಕೆಲಸವನ್ನು ಸಮಾಜ ಕೀಳೆಂದಿತ್ತೋ ಅದನ್ನೇ ಹೆಸರಿನ ಮುಂದೆ ಹೊತ್ತು ನಡೆದರು. ಹನ್ನೆರಡನೆಯ ಶತಮಾನದಲ್ಲಿ ಇದು ಸಣ್ಣ ಕ್ರಾಂತಿಯಲ್ಲ.

ಅದೇ ತಾಲ್ಲೂಕಿನ ಕೊಡಿಯಾಲ ನೇಕಾರರ ಊರು. ಒಂದು ಮನೆಯಲ್ಲಿ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಯಜಮಾನರು ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತಿದ್ದರು. ಲಾಳಿ ಆ ಕಡೆ ಈ ಕಡೆ ಓಡುತ್ತಿತ್ತು. ಒಂದು ಸೀರೆಗೆ ಎಷ್ಟು ದಿನ, ಎಷ್ಟು ಮಜೂರಿ ಎಂದು ಕೇಳಿದೆ. ಅವರು ಹೇಳಿದರು. ನಾನು ದಿನದ ಲೆಕ್ಕಕ್ಕೆ ಭಾಗಿಸುತ್ತಿದ್ದಾಗ ಒಳಗಿನಿಂದ ಅವರ ಮನೆಯಾಕೆ, “ಅಣ್ಣಾ, ಒಬ್ರಿಗೆ ಭಾಗ್ಸಬ್ಯಾಡಿ, ಮೂರು ಜನಕ್ಕೆ ಭಾಗ್ಸಿ” ಅಂದರು.

ಅವರು ಹೇಳಿದ್ದು ಸರಿ. ನೂಲಿಗೆ ಗಂಜಿ ಹಾಕುವುದು, ಹಾಸು ಹೂಡುವುದು, ಹರಿದ ಎಳೆ ಸೇರಿಸುವುದು, ಹೊಕ್ಕಿಗೆ ಕಂಡಿಕೆ ಸುತ್ತುವುದು, ಇದೆಲ್ಲ ಮನೆಯ ಹೆಂಗಸರ ಮತ್ತು ಮುದುಕರ ಕೆಲಸ. ಕೂಲಿ ಬರುವುದು ಮಗ್ಗದ ಮೇಲೆ ಕುಳಿತವನ ಹೆಸರಿಗೆ. ಸೀರೆ ಕೊಳ್ಳುವ ನಾವು ಆ ಒಬ್ಬನ ಕೂಲಿಯನ್ನೂ ಜಗ್ಗಾಡಿ ಇಳಿಸುತ್ತೇವೆ. ಕದಿರ ರೆಮ್ಮವ್ವೆಯನ್ನು ಶರಣೆಯೆಂದು ಪೂಜಿಸುವ ನಮಗೆ, ನೂಲು ಸುತ್ತುವ ಆ ತಾಯಿಯ ಕೈ ಲೆಕ್ಕಕ್ಕೇ ಬರುವುದಿಲ್ಲ.

ಎರಡನೆಯ ದಿನ ಪಾಂಡವಪುರ ತಾಲ್ಲೂಕಿಗೆ ಬಂದೆವು. ಹಿಂದೆ ಹಿರೋಡೆ ಎನ್ನುತ್ತಿದ್ದ ಊರು, ಬ್ರಿಟಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್. ತೊಣ್ಣೂರು ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತು ಮೇಲುಕೋಟೆ ಹತ್ತಿದೆವು. ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಅಲ್ಲಿ ಜನಪದ ಸೇವಾ ಟ್ರಸ್ಟ್ ಸ್ಥಾಪಿಸಿದರು. ಸರ್ವೋದಯದ ದಾರಿಯಲ್ಲಿ ಅನಾಥ ಮಕ್ಕಳ ಪಾಲನೆ, ಖಾದಿ, ಕೃಷಿಯ ಕೆಲಸ ಮಾಡಿಕೊಂಡು ಬಂದ ಸಂಸ್ಥೆ. ಕೈನೂಲು, ಕೈಮಗ್ಗ, ಗಿಡಮರಗಳಿಂದ ತೆಗೆದ ಬಣ್ಣ. ನಾನು ಅಂಗಿಗೆಂದು ಒಂದು ಬಟ್ಟೆ ಕೊಂಡೆ. ಅಲ್ಲಿ ನನಗೆ ಹಿಡಿಸಿದ್ದು ಇದು: ಬಟ್ಟೆಗೆ ಅಲ್ಲಿ ಒಂದೇ ಬೆಲೆ, ಚೌಕಾಸಿ ಇಲ್ಲ. ಕೊಳ್ಳಲು ಬಂದವರಲ್ಲಿ ಯಾರೂ ಚೌಕಾಸಿ ಮಾಡಲೂ ಇಲ್ಲ. ಬೆಲೆಯ ಹಿಂದೆ ಯಾರ ದುಡಿಮೆ ಇದೆಯೆಂದು ಕಣ್ಣಿಗೆ ಕಂಡರೆ ಜನ ನ್ಯಾಯವಾಗಿಯೇ ನಡೆದುಕೊಳ್ಳುತ್ತಾರೆ.

ಮೂರನೆಯ ದಿನ ಕೆ.ಆರ್. ಪೇಟೆ. ಹಿಂದೆ ಅತ್ತಿಕುಪ್ಪೆ ಎಂದಿದ್ದ ಊರು. ತಾಲ್ಲೂಕಿನ ತುಂಬ ಹೊಯ್ಸಳರ ಕಾಲದ ಕೆಲಸ: ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ಐದು ಗರ್ಭಗುಡಿಗಳು ಸಾಲಾಗಿವೆ. ಅಲ್ಲಿಯ ದ್ವಾರಪಾಲಕರ ಶಿಲ್ಪದಲ್ಲಿ ರೂವಾರಿ ಮಲ್ಲಿತಮ್ಮ ಎಂಬ ಹೆಸರಿದೆ. ರೂವಾರಿ ಎಂದರೆ ಶಿಲ್ಪಿ. ಹದಿಮೂರನೆಯ ಶತಮಾನದವನು. ಸೋಮನಾಥಪುರದಲ್ಲಿಯೂ ಹತ್ತಾರು ಶಿಲ್ಪಗಳ ಕೆಳಗೆ ಇವನ ಹೆಸರು ಸಿಗುತ್ತದೆ. ಯಾವ ಕಲ್ಲನ್ನು ಯಾರು ಕಡೆದರು ಎಂದು ಏಳುನೂರು ವರ್ಷಗಳ ಮೇಲೂ ಹೇಳಬಹುದು. ಐದು ವರ್ಷದ ಹಿಂದೆ ಕಟ್ಟಿದ ಸಮುದಾಯ ಭವನದ ಗಾರೆ ಕೆಲಸ ಯಾರದೆಂದು ನಮ್ಮಲ್ಲಿ ಯಾರಾದರೂ ಹೇಳಬಲ್ಲರೇ? ನಾನು ಸೇವೆಯಲ್ಲಿದ್ದಾಗ ಎಷ್ಟೋ ಶಿಲಾಫಲಕ ಬರೆಸಿದ ಕಡತ ನೋಡಿದ್ದೇನೆ. ಸಚಿವರು, ಶಾಸಕರು, ಅಧ್ಯಕ್ಷರು, ಸದಸ್ಯರು, ಕೊನೆಯಲ್ಲಿ ಸಣ್ಣಕ್ಷರದಲ್ಲಿ ಎಂಜಿನಿಯರ್ ಮತ್ತು ಗುತ್ತಿಗೆದಾರ. ಮೇಸ್ತ್ರಿಯ ಹೆಸರಿಗೆ ನಮೂನೆಯಲ್ಲಿ ಜಾಗವೇ ಇಲ್ಲ.

ಅಂದು ರಾತ್ರಿ ಒಂದು ಹಳ್ಳಿಯಲ್ಲಿ ಪೌರಾಣಿಕ ನಾಟಕದ ತಾಲೀಮು ನಡೆಯುತ್ತಿತ್ತು. ಮಂಡ್ಯ ಸೀಮೆಯ ಈ ನಾಟಕದ ಹುಚ್ಚು ತಮಗೆ ಗೊತ್ತಿರುವುದೇ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿದ್ದವರು ರಾತ್ರಿ ದುರ್ಯೋಧನ, ಭೀಮ, ಕರ್ಣ ಆಗುತ್ತಾರೆ. ಪಾತ್ರ ಮಾಡುವವರೇ ಕೈಯಿಂದ ದುಡ್ಡು ಹಾಕುತ್ತಾರೆ. ಅವರನ್ನು ತಿಂಗಳುಗಟ್ಟಲೆ ತಿದ್ದುವವರು ಹಾರ್ಮೋನಿಯಂ ಮೇಷ್ಟ್ರು. ನಾವು ಕಂಡ ಮೇಷ್ಟ್ರಿಗೆ ಅರವತ್ತು ದಾಟಿದೆ. ನೂರಾರು ರಂಗಗೀತೆ ಬಾಯಿಗೆ ಬರುತ್ತದೆ. ಶ್ರುತಿ ಸಿಕ್ಕದ ಹುಡುಗನಿಗೆ ಹತ್ತು ಸಲ ಹೇಳಿಕೊಟ್ಟರೂ ಸಿಟ್ಟಾಗಲಿಲ್ಲ. “ನಿಮಗೆ ಎಷ್ಟು ಕೊಡ್ತಾರೆ ಮೇಷ್ಟ್ರೇ?” ಎಂದೆ. “ನಾಟ್ಕ ಆದ್ಮೇಲೆ ಶಾಲು ಹೊದಿಸ್ತಾರೆ, ಜತೆಗೆ ಕಾಣಿಕೆ ಕವರು. ಕವರಿನೊಳಗೆ ಏನಿದೆ ಅಂತ ಮನೆಗೆ ಹೋಗಿ ನೋಡೋದೇ ಸಾರ್” ಎಂದು ನಕ್ಕರು. ಮೊದಲೇ ಕೇಳಿದರೆ, ದುಡ್ಡಿಗೆ ಕಲೆ ಮಾರುತ್ತಾನೆ ಎನ್ನುತ್ತಾರಂತೆ. ಸೀನರಿಯವನಿಗೆ, ಮೈಕಿನವನಿಗೆ, ಶಾಮಿಯಾನದವನಿಗೆ ಮೊದಲೇ ಮಾತಾಡಿ ಮುಂಗಡ ಕೊಡುವ ಊರು, ವಿದ್ಯೆ ಕಲಿಸುವವನ ಬೆಲೆಯನ್ನು ಮಾತ್ರ ಲಕೋಟೆಯಲ್ಲಿ ಮುಚ್ಚಿಡುತ್ತದೆ.

ಕೊನೆಯ ಎರಡು ದಿನ ನಾಗಮಂಗಲದಲ್ಲಿ ಕಳೆದೆವು. ಜನಪದ ಕಲಾವಿದರಿಗೆ ತಲೆಯೆತ್ತಿ ನಿಲ್ಲುವ ಜಾಗ ಮಾಡಿಕೊಟ್ಟ ಹೆಚ್.ಎಲ್. ನಾಗೇಗೌಡರು ಇದೇ ತಾಲ್ಲೂಕಿನ ಹೆರಗನಹಳ್ಳಿಯವರು. ಕರ್ನಾಟಕ ಜಾನಪದ ಪರಿಷತ್ತನ್ನೂ ರಾಮನಗರದ ಬಳಿಯ ಜಾನಪದ ಲೋಕವನ್ನೂ ಕಟ್ಟಿದವರು. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರದೂ ಇದೇ ನೆಲ. ಆದರೆ ನಾವು ಹೋದದ್ದು ಲೋಹದ ಎರಕದವರನ್ನು ನೋಡಲು. ನಾಗಮಂಗಲದ ಹಿತ್ತಾಳೆ, ಕಂಚಿನ ಕೆಲಸ ಹಳೆಯ ಮೈಸೂರು ಸಂಸ್ಥಾನದ ಕಾಲದಿಂದಲೂ ಹೆಸರಾದದ್ದು. ವಿಗ್ರಹ, ಪ್ರಭಾವಳಿ, ದೀಪದ ಕಂಬ, ಗಂಟೆ, ಎಲ್ಲವನ್ನೂ ಮಾಡುವ ವಿಶ್ವಕರ್ಮ ಕುಟುಂಬಗಳು ಅಲ್ಲಿವೆ.

ಬಾಗಿಲಲ್ಲಿ ಮೇಷ್ಟ್ರು ನನ್ನನ್ನು ತಡೆದರು. “ನಾವು ಇಷ್ಟಲಿಂಗದವರು. ವಿಗ್ರಹ ಮಾಡುವವರ ಮನೆಯಲ್ಲಿ ನಮಗೇನು ಕೆಲಸ?” ತಮಾಷೆಗೆ ಕೇಳಿದರೂ ಪ್ರಶ್ನೆ ಸರಿಯಾದದ್ದೇ. ತಮ್ಮಲ್ಲಿಯೂ ಕೆಲವರಿಗೆ ಇದು ಮನಸ್ಸಿಗೆ ಬಂದಿರಬಹುದು. ನಾನು ಹೇಳಿದೆ: ಪೂಜೆ ಮಾಡುವುದು ಬಿಡುವುದು ನಮ್ಮ ನಮ್ಮ ನಂಬಿಕೆ. ನಾವು ನೋಡಲು ಬಂದಿರುವುದು ದೇವರನ್ನಲ್ಲ, ಕೈಯನ್ನು. ಆ ಕೈ ನಮ್ಮ ಮಠದ ಗಂಟೆಯನ್ನೂ ಎರೆಯುತ್ತದೆ, ದಾಸೋಹದ ಕೊಳಗವನ್ನೂ ಮಾಡುತ್ತದೆ.

ಒಳಗೆ ಎಪ್ಪತ್ತರ ಹತ್ತಿರದ ಹಿರಿಯರು ಮೇಣ ತಿದ್ದುತ್ತಿದ್ದರು. ಈ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ವಿದ್ಯಾರ್ಥಿಗಳು ಗಮನಿಸಬೇಕು. ಜೇನುಮೇಣಕ್ಕೆ ರಾಳ ಸೇರಿಸಿ ಕಾಸಿ ಹದ ಮಾಡುತ್ತಾರೆ. ಆ ಮೇಣದಲ್ಲಿ ಇಡೀ ಆಕೃತಿಯನ್ನು ಕೈಯಿಂದ ರೂಪಿಸುತ್ತಾರೆ, ಬೆರಳಿನ ಉಗುರು, ಬಟ್ಟೆಯ ನೆರಿಗೆ ಸಹಿತ. ಅದರ ಮೇಲೆ ನಯವಾದ ಮಣ್ಣು ಬಳಿದು ನೆರಳಿನಲ್ಲಿ ಒಣಗಿಸುತ್ತಾರೆ. ಆಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಹೊರಗೆ ಒರಟು ಮಣ್ಣು, ಅದರ ಮೇಲೆ ತಂತಿಯ ಕಟ್ಟು. ನಂತರ ಕಾಸುತ್ತಾರೆ. ಮೇಣ ಸುಮಾರು 60 ಡಿಗ್ರಿ ದಾಟಿದರೆ ಕರಗುತ್ತದೆ, ಬಿಟ್ಟ ದಾರಿಯಲ್ಲಿ ಹರಿದು ಹೊರಬರುತ್ತದೆ. ಒಳಗೆ ಟೊಳ್ಳು ಉಳಿಯುತ್ತದೆ. ಅಲ್ಲಿಗೆ ಕಾದ ಲೋಹ ಹೊಯ್ಯಬೇಕು. ಅಚ್ಚು ತಣ್ಣಗಿದ್ದರೆ ಲೋಹ ನಡುವೆಯೇ ಹೆಪ್ಪುಗಟ್ಟುತ್ತದೆ. ತೇವ ಉಳಿದಿದ್ದರೆ ಆವಿ ಎದ್ದು ಸಿಡಿಯುತ್ತದೆ. ತಣಿದ ಮೇಲೆ ಅಚ್ಚನ್ನು ಒಡೆದರೆ ವಿಗ್ರಹ. ಅಂದರೆ ಒಂದು ಅಚ್ಚಿಗೆ ಒಂದೇ ಕೆಲಸ. ಕೆಟ್ಟರೆ ಮತ್ತೆ ಮೇಣದಿಂದ ಶುರು. ಸರಿಬಂದರೂ ಮುಗಿಯಲಿಲ್ಲ, ಉಳಿ ಮತ್ತು ಅರ ಹಿಡಿದು ದಿನಗಟ್ಟಲೆ ನಯಗೊಳಿಸಬೇಕು.

“ಎಷ್ಟು ಲೋಹ ಕಾಸಬೇಕು ಅಂತ ಹೇಗೆ ತಿಳಿಯುತ್ತೆ?” ಎಂದೆ. “ಮೇಣ ತೂಗ್ತೀವಿ. ಒಂದಕ್ಕೆ ಒಂಬತ್ತು. ದಾರಿಯಲ್ಲಿ ನಿಲ್ಲೋದಕ್ಕೆ ಮೇಲೊಂದಷ್ಟು.” ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹಿತ್ತಾಳೆಯ ಸಾಂದ್ರತೆ ಎಂಟೂವರೆ, ಜೇನುಮೇಣದ್ದು ಒಂದಕ್ಕೆ ಸ್ವಲ್ಪ ಕಡಿಮೆ. ಭಾಗಿಸಿದರೆ ಒಂಬತ್ತೇ ಬರುತ್ತದೆ. ನಾನು ಕಾಲೇಜಿನಲ್ಲಿ ಕಲಿತದ್ದನ್ನು ಅವರು ಅಪ್ಪನ ಕೈಯ ಪಕ್ಕದಲ್ಲಿ ಕುಳಿತು ಕಲಿತಿದ್ದರು. ಮೇಣ ತೂಗಿ ಲೋಹ ಲೆಕ್ಕ ಹಾಕುವ ಈ ಪದ್ಧತಿ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥದಲ್ಲಿದೆ. ಅದನ್ನು ಬರೆಸಿದವನು ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಸುಮಾರು 1130ರಲ್ಲಿ. ಅವನ ರಾಜಧಾನಿ ಯಾವುದು? ನಮ್ಮ ಕಲ್ಯಾಣ. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮೊದಲೇ ಅಲ್ಲಿ ಎರಕದ ವಿದ್ಯೆ ಗ್ರಂಥಸ್ಥವಾಗಿತ್ತು. ಗ್ರಂಥಕ್ಕೆ ರಾಜನ ಹೆಸರು. ಅವನಿಗೆ ಹೇಳಿಕೊಟ್ಟ ಎರಕದವನ ಹೆಸರು ಅಲ್ಲಿಯೂ ಇಲ್ಲ.

ಗಂಟೆಯ ಮಾತು ಬಂತು. ಗಂಟೆಗೆ ಹಿತ್ತಾಳೆ ಒಗ್ಗದು, ಕಂಚೇ ಬೇಕು. ತಾಮ್ರ ನಾಲ್ಕು ಪಾಲಿಗೆ ತವರ ಒಂದು ಪಾಲು, ಹೆಚ್ಚುಕಡಿಮೆ. ತವರ ಕಡಿಮೆಯಾದರೆ ನಾದ ಮಂಕು, ಹೆಚ್ಚಾದರೆ ಬಡಿದಾಗ ಬಿರುಕು. ತವರ ದುಬಾರಿ. ಅಗ್ಗದ ಗಂಟೆಯಲ್ಲಿ ಮೊದಲು ಕಳ್ಳತನವಾಗುವುದು ತವರವೇ. ಹಿರಿಯರು ಎರಡು ಗಂಟೆ ತಂದು ಬಾರಿಸಿ ತೋರಿಸಿದರು. ಒಂದು ಠಣ್ ಎಂದು ನಿಂತಿತು. ಇನ್ನೊಂದರ ನಾದ ನಾವು ಮಾತು ಮುಂದುವರಿಸಿದರೂ ಕೋಣೆಯಲ್ಲಿ ಉಳಿದಿತ್ತು. “ಇವೆರಡಕ್ಕೂ ಗಿರಾಕಿ ಕೇಳೋ ಪ್ರಶ್ನೆ ಒಂದೇ ಸ್ವಾಮಿ. ಕೆಜಿಗೆ ಎಷ್ಟು?”

ಶರಣರೇ, ನಾನು ಇವತ್ತು ಹೇಳಬೇಕೆಂದು ಬಂದ ಮಾತು ಇದೇ ಪ್ರಶ್ನೆಯಲ್ಲಿದೆ. ಕೆಜಿಗೆ ಎಷ್ಟು?

ಕೆಜಿ ಲೆಕ್ಕದಲ್ಲಿ ಕೊಂಡರೆ ಏನಾಗುತ್ತದೆಂದು ನೋಡಿ. ಎರಡು ದೀಪ ಇವೆ ಎಂದುಕೊಳ್ಳಿ. ಒಬ್ಬ ನುರಿತವನು ಗೋಡೆ ತೆಳ್ಳಗೆ, ಒಳಗೆ ಟೊಳ್ಳಾಗಿ, ಗೆರೆ ನಾಜೂಕಾಗಿ ಎರೆದಿದ್ದಾನೆ. ಇನ್ನೊಬ್ಬ ದಪ್ಪಗೆ, ಒರಟಾಗಿ ಎರೆದಿದ್ದಾನೆ. ತೆಳ್ಳಗೆ ಎರೆಯುವುದು ಕಷ್ಟ, ಕೆಡುವ ಸಂಭವ ಹೆಚ್ಚು, ದಿನವೂ ಹೆಚ್ಚು. ತಕ್ಕಡಿಗೆ ಹಾಕಿದರೆ ನಾಜೂಕಿನದು ಮೂರು ಕೆಜಿ, ಒರಟಿನದು ಐದು ಕೆಜಿ. ಹೆಚ್ಚು ದುಡ್ಡು ಸಿಗುವುದು ಒರಟಿಗೆ. ಅಂದರೆ ಈ ಲೆಕ್ಕದಲ್ಲಿ ಕೈ ಪಳಗಿದಷ್ಟೂ ನಷ್ಟ! ಒಳ್ಳೆಯ ಕೆಲಸ ಮಾಡಿದವನಿಗೆ ದಂಡ ಹಾಕುವ ಪದ್ಧತಿ ಇದು. ಹೀಗೆ ಎರಡು ತಲೆಮಾರು ಕೊಂಡರೆ ನಾಜೂಕಿನ ಕೆಲಸ ಮಾಡುವವರು ಉಳಿಯುವುದಿಲ್ಲ. ಆಮೇಲೆ, ಹಿಂದಿನವರ ಕೆಲಸವೇ ಬೇರೆ ಬಿಡಿ ಎಂದು ನಾವೇ ಹಲುಬುತ್ತೇವೆ.

ಸರ್ಕಾರಿ ಕಾಮಗಾರಿಯಲ್ಲಿ ದರ ವಿಶ್ಲೇಷಣೆ ಎಂದು ಮಾಡುತ್ತೇವೆ. ಒಂದು ಘನ ಮೀಟರ್ ಕಲ್ಲುಕಟ್ಟಡಕ್ಕೆ ಸಾಮಗ್ರಿ ಇಷ್ಟು, ಮೇಸ್ತ್ರಿ ಇಷ್ಟು, ಆಳು ಇಷ್ಟು, ಯಂತ್ರ, ಸಾಗಣೆ, ಮೇಲ್ಖರ್ಚು, ಕೊನೆಗೆ ಗುತ್ತಿಗೆದಾರನ ಲಾಭಕ್ಕೂ ಒಂದು ಸಾಲು. ಅಂದಾಜಿಗಿಂತ ತೀರ ಕೆಳಗೆ ಟೆಂಡರ್ ಹಾಕಿದವನನ್ನು ಅನುಮಾನದಿಂದ ನೋಡುತ್ತೇವೆ. ಇವನು ಸಿಮೆಂಟಿನಲ್ಲಿ ಕದಿಯುತ್ತಾನೋ, ಕೂಲಿಯಲ್ಲಿ ಕದಿಯುತ್ತಾನೋ ಎಂದು. ಅದೇ ನಾವು ಎರಕದವನ ಮನೆ ಮುಂದೆ, ನೇಕಾರನ ಮನೆ ಮುಂದೆ ನಿಂತಾಗ ಎಲ್ಲರಿಗಿಂತ ಕಡಿಮೆ ಹೇಳಿದವನನ್ನು ಹುಡುಕುತ್ತೇವೆ. ಅವನು ಯಾರ ಹೊಟ್ಟೆಯಿಂದ ಉಳಿಸುತ್ತಿದ್ದಾನೆ ಎಂದು ಕೇಳುವುದಿಲ್ಲ.

ಕೆಲವರು ಹೇಳಬಹುದು, ಮಠದ ಹಣ ಭಕ್ತರ ಹಣ, ಅಗ್ಗಕ್ಕೆ ಕೊಳ್ಳುವುದು ನಮ್ಮ ಹೊಣೆಯಲ್ಲವೇ ಎಂದು. ದುಂದು ಮಾಡಬಾರದು, ನಿಜ. ಆದರೆ ಶರಣರು ಏನು ಕಲಿಸಿದರು? ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಸುರಿದು ಬಾ ಎಂದು ಕಳುಹಿಸಿದಳು. ನುಲಿಯ ಚಂದಯ್ಯನವರ ಕಥೆಯಲ್ಲಿಯೂ ಹಾಗೆಯೇ. ಅವರು ಹೊಸೆದ ಹಗ್ಗಕ್ಕೆ ತಕ್ಕದ್ದಕ್ಕಿಂತ ಹೆಚ್ಚು ಬೆಲೆ ಬಂದಾಗ ಒಪ್ಪಲಿಲ್ಲ. ಈ ಕಥೆಗಳನ್ನು ನಾವು ಪ್ರವಚನದಲ್ಲಿ ಬಹಳ ಚೆನ್ನಾಗಿ ಹೇಳುತ್ತೇವೆ. ಆದರೆ ಅರ್ಧ ಮಾತ್ರ ಹೇಳುತ್ತೇವೆ. ತಕ್ಕದ್ದಕ್ಕಿಂತ ಹೆಚ್ಚು ಪಡೆಯಬಾರದು ಎಂಬುದು ಕಾಯಕ ಮಾಡುವವನಿಗೆ ನೀತಿಯಾದರೆ, ತಕ್ಕದ್ದಕ್ಕಿಂತ ಕಡಿಮೆ ಕೊಡಬಾರದು ಎಂಬುದು ಕೊಳ್ಳುವವನಿಗೆ ನೀತಿ. ಎರಡೂ ಸೇರಿದರೆ ಮಾತ್ರ ನ್ಯಾಯ. ಹೆಚ್ಚು ಪಡೆಯಬೇಡ ಎಂದು ಬಡವನಿಗೆ ಬೋಧಿಸಿ, ಕಡಿಮೆ ಕೊಡುವ ಸ್ವಾತಂತ್ರ್ಯವನ್ನು ನಾವು ಇಟ್ಟುಕೊಂಡರೆ ಅದು ಶರಣರ ಅರ್ಥಶಾಸ್ತ್ರವಲ್ಲ, ಸಾಹುಕಾರನ ಅರ್ಥಶಾಸ್ತ್ರ.

ಇನ್ನೊಂದು ಮಾತನ್ನು ಸೂಕ್ಷ್ಮವಾಗಿ ಹೇಳಬೇಕು. ಆ ಹಿರಿಯರಿಗೆ ಇಬ್ಬರು ಗಂಡುಮಕ್ಕಳು. ಒಬ್ಬ ಬೆಂಗಳೂರಿನಲ್ಲಿ ಕಾರ್ಖಾನೆಯಲ್ಲಿದ್ದಾನೆ, ಇನ್ನೊಬ್ಬ ಬ್ಯಾಂಕಿನಲ್ಲಿ. ಇಬ್ಬರೂ ಎರಕ ಬಿಟ್ಟರು. ಇಂಥದ್ದನ್ನು ಕೇಳಿದಾಗ, ಅಯ್ಯೋ ಕುಲಕಸುಬು ಹೋಯಿತು ಎಂದು ಮರುಗುವುದು ರೂಢಿ. ನಾವು ಹಾಗೆ ಮರುಗಬಾರದು. ಅಪ್ಪನ ಕಸುಬನ್ನೇ ಮಗ ಮಾಡಬೇಕೆಂಬ ಕಟ್ಟನ್ನು ಮುರಿದದ್ದೇ ಕಲ್ಯಾಣ. ಕಾಯಕವನ್ನು ಹುಟ್ಟಿನಿಂದ ಬಿಡಿಸಿದವರು ಬಸವಣ್ಣನವರು. ಆ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋದದ್ದು ಸರಿ. ಆದರೆ ವಿದ್ಯೆ ಸಾಯಬಾರದಲ್ಲ? ಮಗ ಬಿಟ್ಟರೆ ಬೇರೆ ಯಾರ ಮಗನಾದರೂ, ಮಗಳಾದರೂ ಕಲಿಯಬಹುದಲ್ಲ?

ಇದನ್ನೇ ಹಿರಿಯರ ಮುಂದೆ ಇಟ್ಟೆ. ಬೇರೆ ಜನಾಂಗದ ಹುಡುಗರು ಬಂದರೆ ಹೇಳಿಕೊಡುತ್ತೀರಾ? ಅವರು ಮೇಣದ ಕಡ್ಡಿ ಕೆಳಗಿಟ್ಟು ಹೇಳಿದರು: “ಬಂದ್ರೆ ಹೇಳ್ಕೊಡ್ತೀನಿ ಸ್ವಾಮಿ. ಜಾತಿ ಕೇಳೋ ವಯಸ್ಸಲ್ಲ ನಂದು. ಆದ್ರೆ ಕೈ ಕೂರೋಕೆ ಎರಡು ವರ್ಷ ಬೇಕು. ಆ ಎರಡು ವರ್ಷ ಅವನ ಹೊಟ್ಟೆಗೆ ಹಾಕೋರು ಯಾರು? ನನ್ನ ಕೈಲಿ ಆಗಾಕಿಲ್ಲ.”

ಹೊಟ್ಟೆಗೆ ಹಾಕುವವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಸಂಸ್ಥೆ ನಮ್ಮ ನಾಡಿನಲ್ಲಿ ಯಾವುದಾದರೂ ಇದ್ದರೆ ಅದು ಮಠ. ನೂರು ವರ್ಷದಿಂದ ಪ್ರಸಾದ ನಿಲಯ ನಡೆಸಿ, ಜಾತಿ ಕೇಳದೆ ಅನ್ನ ಹಾಕಿ, ಓದುವ ಮಕ್ಕಳನ್ನು ಬೆಳೆಸಿದ ಅನುಭವ ನಮ್ಮ ಮಠಗಳಿಗಿದೆ. ಓದುವ ಹುಡುಗನಿಗೆ ಹಾಕುವ ಅನ್ನವನ್ನು ಮಗ್ಗ ಕಲಿಯುವ ಹುಡುಗಿಗೆ, ಎರಕ ಕಲಿಯುವ ಹುಡುಗನಿಗೆ ಹಾಕಲು ಅಡ್ಡಿಯೇನು? ಪುಸ್ತಕದ ವಿದ್ಯೆಗೆ ದಾಸೋಹ ಉಂಟು, ಕೈಯ ವಿದ್ಯೆಗೂ ಬೇಕು. ಕಾಯಕ ಮತ್ತು ದಾಸೋಹ ಎಂದು ಜೋಡಿಯಾಗಿ ಹೇಳುತ್ತೇವಲ್ಲ, ಅವೆರಡೂ ಸೇರುವ ಜಾಗ ಇದೇ.

ಸರ್ಕಾರದ ನೆರವೂ ಇದೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಆರಂಭಿಸಿತು. 18 ಕಸುಬುಗಳವರಿಗೆ ತರಬೇತಿ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ. ಆ ಪಟ್ಟಿಯನ್ನು ಓದಿದಾಗ ನನಗೆ ಅನುಭವ ಮಂಟಪದ ಹಾಜರಿ ಪುಸ್ತಕ ಓದಿದಂತಾಯಿತು. ಬಡಗಿ, ದೋಣಿ ಮಾಡುವವರು, ಕುಂಬಾರ, ಪಾದರಕ್ಷೆ ಮಾಡುವವರು, ಬುಟ್ಟಿ ಹೆಣೆಯುವವರು, ಕ್ಷೌರಿಕ, ಮಡಿವಾಳ, ದರ್ಜಿ. ಕೈಮಗ್ಗದವರಿಗೆ ಬೇರೆ ಯೋಜನೆಗಳಿವೆ. ಆದರೆ ಅರ್ಜಿ, ದಾಖಲೆ, ಬ್ಯಾಂಕಿನ ಓಡಾಟ ಇವರಿಗೆ ದೊಡ್ಡ ಬೆಟ್ಟ. ನಮ್ಮ ಸಮಾಜದಲ್ಲಿ ನಿವೃತ್ತ ನೌಕರರು, ಬ್ಯಾಂಕಿನವರು, ಲೆಕ್ಕಪತ್ರ ಬಲ್ಲವರು ಬೇಕಾದಷ್ಟಿದ್ದೇವೆ. ವಾರಕ್ಕೆ ಒಂದು ದಿನ ಮಠದ ಜಗಲಿಯಲ್ಲಿ ಕುಳಿತು ಅರ್ಜಿ ತುಂಬಿಕೊಟ್ಟರೆ ಅದೂ ಕಾಯಕವೇ. ನಾನು ಶನಿವಾರಗಳಂದು ಕೂರಲು ಸಿದ್ಧನಿದ್ದೇನೆ.

ಇನ್ನು ಮೂರು ಸಣ್ಣ ಸಲಹೆಗಳು.

ಮೊದಲನೆಯದು, ಸನ್ಮಾನಕ್ಕೆ ಕೊಡುವ ವಸ್ತು. ನನ್ನ ಮನೆಯ ಷೋಕೇಸಿನಲ್ಲಿ 23 ಸ್ಮರಣಿಕೆಗಳಿವೆ. ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್. ಯಾವುದು ಎಲ್ಲಿಯದೆಂದು ಹಿಂದೆ ತಿರುಗಿಸಿ ಓದಿದರೇ ಗೊತ್ತಾಗುವುದು. ಹೊದಿಸುವ ಶಾಲಂತೂ ಮಾರನೆಯ ದಿನವೇ ಬೇರೆಯವರಿಗೆ. ನಮ್ಮ ಮಠಗಳಲ್ಲಿ ವರ್ಷಕ್ಕೆ ಎಷ್ಟು ಸಮಾರಂಭ, ಎಷ್ಟು ಸನ್ಮಾನ! ಅಷ್ಟಕ್ಕೂ ಕೈಮಗ್ಗದ ಒಂದು ವಸ್ತ್ರ, ಇಲ್ಲವೇ ಕಂಚಿನ ಒಂದು ಪುಟ್ಟ ದೀಪ ಕೊಟ್ಟರೆ ಹತ್ತು ಮನೆಯ ಒಲೆ ವರ್ಷವಿಡೀ ಉರಿಯುತ್ತದೆ. ಕೊಂಡದ್ದಕ್ಕೆ ಅರ್ಧ ಹಣ ಮುಂಗಡ ಕೊಡಬೇಕು. ಲೋಹಕ್ಕೆ, ನೂಲಿಗೆ ಸಾಲ ಮಾಡಿ ಬಡ್ಡಿ ತೆರುವುದರಲ್ಲೇ ಇವರ ದುಡಿಮೆ ಕರಗಿಹೋಗುತ್ತದೆ.

ಎರಡನೆಯದು, ಹೆಸರು. ಮಠಕ್ಕೆ ಕೊಟ್ಟ ಗಂಟೆ, ದೀಪ, ಪಾತ್ರೆಗಳ ಮೇಲೆ ದಾನಿಗಳ ಹೆಸರು ಕೆತ್ತಿಸುತ್ತೇವೆ. ಇರಲಿ, ಬೇಡವೆನ್ನುವುದಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸೋಣ: ಮಾಡಿದವರು ಇಂಥವರು, ಇಂಥ ಊರು. ಮಲ್ಲಿತಮ್ಮನಿಗೆ ಕಲ್ಲಿನ ಮೇಲೆ ಸಿಕ್ಕ ಜಾಗ ನಾಗಮಂಗಲದವನಿಗೆ ಕಂಚಿನ ಮೇಲೆ ಸಿಗಲಿ. ಕಟ್ಟಡ ಕಟ್ಟಿದರೆ ಶಿಲಾಫಲಕದಲ್ಲಿ ಮೇಸ್ತ್ರಿಯ ಹೆಸರೂ ಇರಲಿ. ಖರ್ಚು ಏನಿಲ್ಲ, ಹತ್ತು ಅಕ್ಷರ.

ಮೂರನೆಯದು, ಜಯಂತಿಗಳು. ಇವತ್ತು ಚೌಡಯ್ಯನವರ ಜಯಂತಿ ಎಂದರೆ ಅಂಬಿಗರು ಮಾಡಲಿ, ಮಾಚಿದೇವರದು ಮಡಿವಾಳರು ಮಾಡಲಿ ಎಂಬಂತಾಗಿದೆ. ಒಂದೇ ಮಂಟಪದಲ್ಲಿ ಒಂದೇ ಸಾಲಿನಲ್ಲಿ ಕುಳಿತವರನ್ನು ನಾವು ಅವರವರ ಕೇರಿಗೆ ವಾಪಸು ಕಳುಹಿಸಿಬಿಟ್ಟಿದ್ದೇವೆ. ಆ ದಿನಗಳಲ್ಲಿ ನಮ್ಮ ಮಠದ ವೇದಿಕೆಗೆ ಆ ಕಸುಬಿನವರನ್ನೇ ಕರೆದು ಕೂರಿಸೋಣ. ಭಾಷಣ ಕೇಳಿಸಲು ಕರೆಯುವುದು ಬೇಡ. ಅವರೇ ಅರ್ಧ ಗಂಟೆ ತಮ್ಮ ಕೆಲಸ ಮಾಡಿ ತೋರಿಸಲಿ, ನಾವು ನೋಡೋಣ. ಮಕ್ಕಳು ಮುಟ್ಟಿ ನೋಡಲಿ. ಬಂದವರಿಗೆ ಆ ದಿನದ ಕೂಲಿಯನ್ನು ಮೊದಲೇ ಮಾತಾಡಿ, ಕಾಣುವಂತೆ ಕೊಡೋಣ, ಲಕೋಟೆಯಲ್ಲಿ ಮುಚ್ಚಿ ಅಲ್ಲ.

ನಾಗಮಂಗಲದಿಂದ ಹೊರಡುವಾಗ ನಾನು ಈ ಮಠಕ್ಕೆಂದು ಒಂದು ಕಂಚಿನ ಗಂಟೆಗೆ ಮಾತಾಡಿ ಬಂದಿದ್ದೇನೆ. ತೂಕ ಕೇಳಲಿಲ್ಲ. ನಾದ ಹೇಗಿರಬೇಕೆಂದು ಹೇಳಿದೆ, ಎಷ್ಟು ದಿನ ಬೇಕೆಂದು ಕೇಳಿದೆ, ಅವರು ಹೇಳಿದ ಬೆಲೆಗೆ ಒಪ್ಪಿ ಅರ್ಧ ಹಣ ಕೊಟ್ಟೆ. ಅದರ ಅಂಚಿನಲ್ಲಿ ದಾನಿಯ ಹೆಸರು ಬೇಡ, ನಿಮ್ಮ ಹೆಸರು ಹಾಕಿ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ತಂದೆ ಹೆಸರು ಹಾಕ್ಲಾ ಸ್ವಾಮಿ? ಕಲ್ಸಿದ್ದು ಅವರು” ಎಂದು ಕೇಳಿದರು. ಆಗಲಿ ಎಂದೆ. ಯುಗಾದಿಯ ಹೊತ್ತಿಗೆ ಗಂಟೆ ಬರುತ್ತದೆ. ಶ್ರೀಗಳು ಅನುಮತಿ ಕೊಟ್ಟರೆ ಅದನ್ನು ಮೊದಲು ಬಾರಿಸಲು ಅವರನ್ನೇ ಕರೆಸೋಣ.